120 ಜಿಬಿಯಲ್ಲಿ ಬಿಟ್‌ಕಾಯಿನ್ ನೋಡ್: ಜಾಗ ಸಾಕು, ಕರೆಂಟ್ ನೋಡಿಕೊಳ್ಳಿ

[ದೃಶ್ಯ: ಮೇಜಿನ ಮೇಲೆ ಪುಟ್ಟ ಕಂಪ್ಯೂಟರ್, ಪಕ್ಕದಲ್ಲಿ ಎಸ್‌ಎಸ್‌ಡಿ]

ನಮಸ್ಕಾರ. ಇದು ರಾಸ್ಪ್‌ಬೆರಿ ಪೈ 4, ರ‍್ಯಾಮ್ 4 ಜಿಬಿ. ಪಕ್ಕದಲ್ಲಿರುವುದು ಹಳೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 120 ಜಿಬಿ ಎಸ್‌ಎಸ್‌ಡಿ. ಬಿಟ್‌ಕಾಯಿನ್‌ನ ಪೂರ್ತಿ ಬ್ಲಾಕ್‌ಚೈನ್, ಅಂದರೆ ಎಲ್ಲ ವ್ಯವಹಾರಗಳನ್ನೂ ಬ್ಲಾಕ್ ಅನ್ನುವ ಕಂತೆಗಳಲ್ಲಿ ಬರೆದಿಟ್ಟ ಲೆಕ್ಕ, 600 ಜಿಬಿ ದಾಟಿ ಬಹಳ ದಿನವಾಯಿತು. ಆದರೂ ಇದರಲ್ಲಿ ನೋಡ್, ಅಂದರೆ ಆ ಲೆಕ್ಕವನ್ನು ತಾನೇ ತಾಳೆ ನೋಡುವ ಪ್ರೋಗ್ರಾಂ, ಓಡುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನೋಡ್ ಓಡಿಸಿದರೆ ಒಂದು ರೂಪಾಯಿಯೂ ಬರುವುದಿಲ್ಲ. ದುಡ್ಡು ಬರುವುದು ಮೈನಿಂಗ್‌ಗೆ, ಅಂದರೆ ಹೊಸ ಬ್ಲಾಕ್ ಸೇರಿಸುವ ಕೆಲಸಕ್ಕೆ. ನೋಡ್ ಬರೀ ಲೆಕ್ಕ ನೋಡುತ್ತದೆ. ನಿಮಗೆ ಬರಬೇಕಾದ ಬಿಟ್‌ಕಾಯಿನ್ ನಿಜವಾಗಿ ಬಂತಾ ಅಂತ ಇನ್ನೊಬ್ಬರನ್ನು ಕೇಳಬೇಕಾಗಿಲ್ಲ, ಅಷ್ಟೇ ಲಾಭ.

[ದೃಶ್ಯ: ಕಿರಾಣಿ ಅಂಗಡಿಯ ಉದ್ರಿ ಪುಸ್ತಕ]

ಅಂಗಡಿಯ ಉದ್ರಿ ಪುಸ್ತಕ ನೋಡಿದ್ದೀರಲ್ವಾ? ಒಂದೊಂದು ಪುಟವನ್ನೂ ತಾಳೆ ನೋಡಿ, ಯಾರ ಬಾಕಿ ಎಷ್ಟು ಅಂತ ಬೇರೆ ಕಡೆ ಬರೆದುಕೊಂಡ ಮೇಲೆ ಹಳೇ ಪುಟ ಹರಿದರೂ ವ್ಯಾಪಾರ ನಿಲ್ಲುವುದಿಲ್ಲ. ನಾನು ಓಡಿಸುವ ನೋಡ್ ಪ್ರೋಗ್ರಾಂ ಬಿಟ್‌ಕಾಯಿನ್ ಕೋರ್‌ನಲ್ಲಿ ಇದಕ್ಕೆ ಪ್ರೂನಿಂಗ್ ಅನ್ನುತ್ತಾರೆ. 2015ರಲ್ಲಿ ಬಂತು. ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಪ್ರೂನ್=550' ಅಂತ ಒಂದು ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ. ಹಳೇ ಬ್ಲಾಕ್‌ಗಳನ್ನು ಅಳಿಸುತ್ತಾ ಬಂದು, ಸುಮಾರು 550 ಎಂಬಿಯಷ್ಟು ಹೊಸ ಬ್ಲಾಕ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಹಾಕಿದರೆ ಒಪ್ಪುವುದಿಲ್ಲ.

ಹಾಗಾದರೆ 1 ಜಿಬಿ ಸಾಕಾ? ಸಾಲದು. ಆ ಬಾಕಿ ಪಟ್ಟಿ ಇದೆಯಲ್ಲ, ಇನ್ನೂ ಖರ್ಚಾಗದ ನಾಣ್ಯಗಳ ಲೆಕ್ಕ, ಅದೇ 10 ಜಿಬಿಗಿಂತ ಜಾಸ್ತಿ. ಅದನ್ನು ಅಳಿಸುವ ಹಾಗಿಲ್ಲ. ಡಿಸ್ಕ್‌ಗೆ ನಿಜವಾದ ಕೆಲಸ ಕೊಡುವುದೂ ಅದೇ. ಸಾವಿರಾರು ಚಿಕ್ಕ ಚಿಕ್ಕ ಓದು ಬರಹ, ಹಗಲೂ ರಾತ್ರಿ. ಮೆಮೊರಿ ಕಾರ್ಡ್ ಮೇಲೆ ಇದನ್ನು ಇಡಬೇಡಿ.

ನಾನು ಇಟ್ಟಿದ್ದೆ. ಒಂದು ಸಂಜೆ ಮಳೆ ಶುರುವಾಯಿತು, ಕರೆಂಟ್ ಹೋಯಿತು. ವಾಪಸ್ ಬಂದಾಗ ಡೇಟಾಬೇಸ್ ಕೆಟ್ಟಿದೆ ಅನ್ನುವ ಮೆಸೇಜ್. ಪೂರ್ತಿ ನೋಡ್ ಆಗಿದ್ದರೆ ಡಿಸ್ಕ್‌ನಲ್ಲಿರುವ ಬ್ಲಾಕ್‌ಗಳಿಂದಲೇ ಲೆಕ್ಕ ಮತ್ತೆ ಕಟ್ಟಬಹುದಿತ್ತು. ಇಲ್ಲಿ ಹಳೇ ಪುಟಗಳನ್ನು ನಾನೇ ಹರಿದು ಹಾಕಿದ್ದೇನಲ್ಲ! 2009ರ ಜನವರಿಯ ಮೊದಲ ಬ್ಲಾಕ್‌ನಿಂದ ಮತ್ತೆ ಡೌನ್‌ಲೋಡ್.

ಹೌದು, ಪ್ರೂನಿಂಗ್ ಉಳಿಸುವುದು ಡಿಸ್ಕನ್ನು, ಇಂಟರ್ನೆಟ್ ಡೇಟಾವನ್ನಲ್ಲ. ಆ 600 ಜಿಬಿಗೂ ಮಿಕ್ಕಿದ ಡೇಟಾ ಒಮ್ಮೆಯಾದರೂ ನಿಮ್ಮ ಮನೆಗೆ ಬಂದೇ ಹೋಗಬೇಕು. ಮೊಬೈಲ್ ಹಾಟ್‌ಸ್ಪಾಟ್ ಮರೆತುಬಿಡಿ.

[ದೃಶ್ಯ: ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಡಿಗೆ ಕಾಪಿ]

ಈ ಸಲ ನಾನು ಮೊದಲ ಸಿಂಕ್, ಅಂದರೆ ಪೂರ್ತಿ ಡೌನ್‌ಲೋಡ್ ಮಾಡಿ ತಾಳೆ ನೋಡುವ ಕೆಲಸವನ್ನು, ಪೈ ಮೇಲೆ ಮಾಡಲಿಲ್ಲ. ಪ್ರೂನ್ ಹಾಕಿ ಲ್ಯಾಪ್‌ಟಾಪ್‌ನಲ್ಲೇ ಮುಗಿಸಿದೆ. ಡಿಬಿಕ್ಯಾಶ್, ಅಂದರೆ ಬಾಕಿ ಪಟ್ಟಿಗೆ ಬಳಸುವ ರ‍್ಯಾಮ್, ನನ್ನ ಪ್ರೋಗ್ರಾಂನಲ್ಲಿ ಮಾಮೂಲಿಯಾಗಿ 450 ಎಂಬಿ ಇತ್ತು, ಅದನ್ನು 4000ಕ್ಕೆ ಏರಿಸಿದೆ. ಆಮೇಲೆ ಪ್ರೋಗ್ರಾಂ ಸರಿಯಾಗಿ ನಿಲ್ಲಿಸಿ, ಬ್ಲಾಕ್ಸ್ ಮತ್ತು (ಬಾಕಿ ಪಟ್ಟಿ ಇರುವ) ಚೈನ್‌ಸ್ಟೇಟ್ ಫೋಲ್ಡರ್ ಎರಡನ್ನೂ ಒಟ್ಟಿಗೆ ಕಾಪಿ ಮಾಡಿದೆ. ಒಂದೇ ಫೋಲ್ಡರ್ ಒಯ್ದರೆ ಕೆಲಸವಾಗುವುದಿಲ್ಲ. ಪೈಗೆ ಬಂದ ಮೇಲೆ ಡಿಬಿಕ್ಯಾಶ್ ವಾಪಸ್ ಇಳಿಸಿ, ಇಲ್ಲಾಂದ್ರೆ ರ‍್ಯಾಮ್ ಸಾಲದೆ ಒದ್ದಾಡುತ್ತದೆ.

ಕಳೆದುಕೊಳ್ಳುವುದೂ ಇದೆ. ಹಳೇ ವ್ಯಾಲೆಟ್ ತಂದು ಹಾಕಿದರೆ ಅದರ ಹಿಂದಿನ ವ್ಯವಹಾರ ಹುಡುಕಲು ಆಗುವುದಿಲ್ಲ, ಆ ಬ್ಲಾಕ್‌ಗಳೇ ಇಲ್ಲ. ಟಿಎಕ್ಸ್‌ಇಂಡೆಕ್ಸ್, ಅಂದರೆ ಯಾವ ವ್ಯವಹಾರವನ್ನಾದರೂ ಹುಡುಕಿಕೊಡುವ ಪಟ್ಟಿ, ನಡೆಯುವುದಿಲ್ಲ. ಬೇರೆ ನೋಡ್‌ಗಳಿಗೆ ಕೊನೆಯ 288 ಬ್ಲಾಕ್, ಅಂದರೆ ಸುಮಾರು ಎರಡು ದಿನದ್ದು ಮಾತ್ರ ಕೊಡುತ್ತೇವೆ ಅಂತ ಹೇಳಿಕೊಳ್ಳುತ್ತದೆ. ಆದರೆ ಹೊಸ ಬ್ಲಾಕ್ ಪರೀಕ್ಷಿಸುವುದರಲ್ಲಿ ದೊಡ್ಡ ನೋಡ್‌ಗಿಂತ ಒಂದು ಕೂದಲೂ ಕಡಿಮೆಯಿಲ್ಲ.

ಇನ್ನು ಕರೆಂಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಮಾಮೂಲಿ ಮೋಡ್‌ನಲ್ಲಿ ಫ್ಯಾನ್‌ಗೆ ಗೊತ್ತಾಗದ ಆ ಒಂದು ಕ್ಷಣದಲ್ಲಿ ಪೈ ರೀಸ್ಟಾರ್ಟ್ ಆಗಿಬಿಡಬಹುದು. ರೌಟರ್‌ಗೆ ಹಾಕುವ ಮಿನಿ ಯುಪಿಎಸ್ ತರುವುದಾದರೆ, ತುಂಬಾ ಕಡೆ ಸಿಗುವುದು 12 ವೋಲ್ಟ್‌ದು. ಪೈಗೆ ಬೇಕಾದದ್ದು 5 ವೋಲ್ಟ್, 3 ಆಂಪ್.

[ದೃಶ್ಯ: ಗೋಡೆಯ ಪ್ಲಗ್, ಹಿಂದೆ ಲಾಗ್ ಓಡುತ್ತಿದೆ]

ಯುಪಿಎಸ್‌ನ ಪ್ಲಗ್ ಕೀಳುತ್ತಿದ್ದೇನೆ, ನೋಡಿ. ದೀಪ ಹಾಗೇ ಇದೆ. ಲಾಗ್ ಕೂಡ ನಿಂತಿಲ್ಲ.