ಪಿಟಿ ದೋಣಿಯ ರಾತ್ರಿಪಾಳಿ

ಕೇಳುಗರೆ, ನಮಸ್ಕಾರ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಓಡಿಸಿದ ಪಿಟಿ ದೋಣಿಗಳು, ಅಂದರೆ ಶತ್ರು ಹಡಗುಗಳಿಗೆ ಟಾರ್ಪಿಡೊ ಬಿಡುವ ಪುಟ್ಟ ಗಸ್ತು ದೋಣಿಗಳು, ವೇಗಕ್ಕೆ ಹೆಸರಾದವು: 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್. ಆದರೆ ಬೇಟೆಯ ಹೊತ್ತಿನಲ್ಲಿ ಅವು ತೆವಳುತ್ತಿದ್ದವು. ಏಕೆಂದು ತಿಳಿಯಬೇಕಾದರೆ ಎಂಜಿನ್ ಕೋಣೆಗೆ ಇಳಿಯಬೇಕು.

ಎಲ್ಕೋ ಕಂಪನಿಯ ದೋಣಿ 80 ಅಡಿ ಉದ್ದ. ಮೈಯೆಲ್ಲ ಮಹಾಗನಿ ಹಲಗೆ, ಎರಡು ಪದರ. ನಡುವೆ ಅಂಟು ಹೀರಿದ ಬಟ್ಟೆ. ಕೆಳಗೆ ಮೂರು ಪ್ಯಾಕರ್ಡ್ ಎಂಜಿನ್, ಒಂದೊಂದಕ್ಕೂ 12 ಸಿಲಿಂಡರ್. ಟ್ಯಾಂಕುಗಳಲ್ಲಿ ಸುಮಾರು 11,000 ಲೀಟರ್ 100 ಆಕ್ಟೇನ್ ಪೆಟ್ರೋಲ್. ಮೂರೂ ಎಂಜಿನ್ ಪೂರ್ತಿ ಓಡಿದರೆ ಆರೇಳು ಗಂಟೆಗೆ ಎಲ್ಲ ಖಾಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದ್ದು ದೋಣಿಯ ತಳದಲ್ಲೇ ಕೂರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್ ಹಾಕಿ ಅದನ್ನು ಹೊರಗೆ ತಳ್ಳಲೇಬೇಕು. ಮರೆತರೆ ಒಂದು ಕಿಡಿ ಸಾಕು.

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಸುತ್ತ, ರಾತ್ರಿ ಕಲಕಿದ ಕಡಲು ಮಿನುಗುತ್ತದೆ. ವೇಗವಾಗಿ ಹೋದ ದೋಣಿಯ ಹಿಂದೆ ಉದ್ದನೆಯ ಬೆಳಕಿನ ಬಾಲ. ಜಪಾನಿನ ಸೀಪ್ಲೇನುಗಳು ಆ ಬಾಲ ಹಿಡಿದೇ ಬಂದು ಬಾಂಬ್ ಹಾಕುತ್ತಿದ್ದವು. ಹಾಗಾಗಿ ಸದ್ದಡಗಿಸುವ ಮಫ್ಲರ್ ಮುಚ್ಚಿ, ಹೊಗೆಯನ್ನು ನೀರಿನೊಳಕ್ಕೆ ಬಿಟ್ಟು, ನಡುವಿನ ಒಂದೇ ಎಂಜಿನ್‌ನಲ್ಲಿ ಮೆಲ್ಲಗೆ ಸಾಗಬೇಕು. ಮಫ್ಲರ್ ತೆರೆಯದೆ ಥ್ರಾಟಲ್ ಪೂರ್ತಿ ಎತ್ತುವಂತಿಲ್ಲ. ಹೊರಹೋಗಲಾಗದ ಹೊಗೆ ಎಂಜಿನ್ನನ್ನೇ ಹಿಂದಕ್ಕೊತ್ತುತ್ತದೆ.

ಇನ್ನು ಟಾರ್ಪಿಡೊ, ನೀರಿನೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ. ಮೊದಲ ವರ್ಷಗಳಲ್ಲಿ ಕೊಟ್ಟ ಮಾರ್ಕ್ 8 ಎಂಬ ಮಾದರಿಯ ವೇಗ 27 ನಾಟ್. ಜಪಾನಿನ ಡಿಸ್ಟ್ರಾಯರ್ ಯುದ್ಧಹಡಗುಗಳು 30 ನಾಟ್ ದಾಟಿ ಓಡುತ್ತಿದ್ದವು! ಹಿಂದಿನಿಂದ ಬಿಟ್ಟರೆ ಮುಟ್ಟುವ ಮಾತೇ ಇಲ್ಲ. ಹಡಗಿನ ದಾರಿಗೆ ಎದುರಾಗಿ ಕಾದು, ಅದು ಬಂದು ಸೇರುವ ಜಾಗಕ್ಕೆ ಗುರಿಯಿಡಬೇಕು. ಟಾರ್ಪಿಡೊವನ್ನು ಟ್ಯೂಬಿನಿಂದ ಹೊರದಬ್ಬುವುದು ಕರಿಮದ್ದು. ಒಳಗೆ ಬಳಿದ ಗ್ರೀಸ್ ಹೊತ್ತಿಕೊಂಡರೆ ಭಗ್ಗನೆ ಬೆಳಕು, ಶತ್ರುವಿನ ಫಿರಂಗಿಗೆ ಅದೇ ಗುರಿ.

1943ರ ಆಗಸ್ಟ್ 1ರ ರಾತ್ರಿ 15 ದೋಣಿಗಳು ಹೊರಟವು. ಬಿಟ್ಟ 30 ಟಾರ್ಪಿಡೊಗಳಲ್ಲಿ ಒಂದೂ ಫಲ ಕೊಡಲಿಲ್ಲ. ನಡುರಾತ್ರಿ ಕಳೆದ ಮೇಲೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ನಡೆಸುತ್ತಿದ್ದ ಪಿಟಿ 109 ದೋಣಿ ಸಾಲೊಮನ್ ದ್ವೀಪಗಳ ಬ್ಲ್ಯಾಕೆಟ್ ಜಲಸಂಧಿಯಲ್ಲಿ ಒಂದೇ ಎಂಜಿನ್‌ನಲ್ಲಿ ಸಾಗುತ್ತಿತ್ತು. ಕತ್ತಲೆಯಿಂದ ಜಪಾನಿನ ಅಮಗಿರಿ ಎಂಬ ಡಿಸ್ಟ್ರಾಯರ್ ನುಗ್ಗಿ ಬಂದಾಗ ತಿರುಗಿಸಿಕೊಳ್ಳಲು ಸಮಯ ಸಿಗಲಿಲ್ಲ. ದೋಣಿ ಸೀಳಿತು, ನೀರಿನ ಮೇಲೆ ಪೆಟ್ರೋಲ್ ಉರಿಯಿತು. ಹದಿಮೂವರಲ್ಲಿ ಇಬ್ಬರು ಸತ್ತರು. ಎಂಜಿನ್ ಕೋಣೆಯಲ್ಲಿದ್ದವನು ಮೈ ಸುಟ್ಟುಕೊಂಡು ಬದುಕಿದ.

ಆಮೇಲೆ ಆ ಟ್ಯೂಬುಗಳನ್ನೇ ಕಿತ್ತುಹಾಕಿದರು. ವಿಮಾನದಿಂದ ಎಸೆಯಲೆಂದು ಮಾಡಿದ, ಹಗುರವಾದ ಮಾರ್ಕ್ 13 ಟಾರ್ಪಿಡೊವನ್ನು ಡೆಕ್ಕಿನ ಅಂಚಿನ ಚೌಕಟ್ಟಿನಲ್ಲಿ ಕೂರಿಸಿದರು. ಕೊಂಡಿ ಬಿಡಿಸಿದರೆ ಉರುಳಿ ನೀರಿಗೆ ಬೀಳುತ್ತದೆ. ಮದ್ದೂ ಇಲ್ಲ, ಬೆಳಕೂ ಇಲ್ಲ.