ಉಭಯ ಕುಶಲೋಪರಿ, ಆಮೇಲೆ?

ಎಲ್ಲರಿಗೂ ನಮಸ್ಕಾರ. ಇವತ್ತು ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್, ಅದರ ಮೇಲೆ ಈ ಮಳೆ. ಆದರೂ ಡೊಂಬಿವಲಿ, ವಸಾಯಿ ಅಂತ ಎಲ್ಲೆಲ್ಲಿಂದಲೋ ಮುಂಬಯಿಯ ಈ ಮಾಟುಂಗಕ್ಕೆ ಬಂದಿದ್ದೀರಿ. ಖುಷಿಯಾಯಿತು.

ದೂರ ದೂರ ಇದ್ದೂ ಬಾಳಿದ ಹಿಂದಿನ ಕಾಲದ ಗಂಡ ಹೆಂಡಿರ ಬಗ್ಗೆ ಮಾತಾಡಿ ಅಂತ ಸಂಘದವರು ಕೇಳಿದ್ದರು. ಆಮಂತ್ರಣ ನೋಡಿದರೆ ‘ಇತಿಹಾಸದ ವಿರಹಿಗಳು’ ಎಂದು ಅಚ್ಚಾಗಿದೆ. ನನಗೆ ಅದು ಸ್ವಲ್ಪ ಜಾಸ್ತಿ ಆಯಿತು. ವಿರಹಕ್ಕೆ ಬೆಳದಿಂಗಳು ಸುಡಬೇಕು, ಗಂಧ ಹಚ್ಚಲು ಸಖಿಯರು ಬೇಕು. ನಮ್ಮ ಮನೆಗಳಲ್ಲಿ ಅಷ್ಟೆಲ್ಲ ಎಲ್ಲಿತ್ತು? “ಅವರು ಬೊಂಬಾಯಲ್ಲಿದ್ದಾರೆ” ಅಂದರೆ ಮುಗಿಯಿತು.

ನಮ್ಮ ಅಪ್ಪಯ್ಯ ಫೋರ್ಟಿನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲೇ ಮೇಜು ಜೋಡಿಸಿ ಮಲಗುವುದು. ಅಮ್ಮ ಕುಂದಾಪುರದ ಹತ್ತಿರ ಊರಿನಲ್ಲಿ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲೇ ಅಪ್ಪಯ್ಯ ಕೆಲಸ ಬಿಟ್ಟಿದ್ದರು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬರುವುದು, ತಿಂಗಳಿಗೊಂದು ಮನಿಯಾರ್ಡರ್, ನಡುವೆ ಇನ್‌ಲ್ಯಾಂಡ್ ಲೆಟರ್. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಮೊದಲು ಶಾಲೆಯ ಮೇಷ್ಟ್ರು ಬರೆದುಕೊಡುತ್ತಿದ್ದರು. ನಾನು ಮೂರನೇ ಕ್ಲಾಸಿಗೆ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

‘ಉಭಯ ಕುಶಲೋಪರಿ’ ಅಂತ ಬರೆದು ಪೆನ್ನು ಹಿಡಿದು ಕಾಯುತ್ತಿದ್ದೆ. ಅಮ್ಮ ತುಂಬಾ ಹೊತ್ತು ಯೋಚಿಸಿ, “ಮಳಿ ಜೋರು ಅಂದೇಳಿ ಬರಿ” ಅನ್ನುತ್ತಿದ್ದರು. ಅಷ್ಟೇ. ಹಂಚು ಒಡೆದಿದೆ, ದುಡ್ಡು ಸಾಲದು, ರಾತ್ರಿ ಒಬ್ಬಳಿಗೇ ಹೆದರಿಕೆ, ನೀವು ಯಾವಾಗ ಬರುತ್ತೀರಿ, ಎಲ್ಲ ಆ ಮಳೆಯೊಳಗೇ ಇರುತ್ತಿತ್ತು. ಮೇಷ್ಟ್ರ ಎದುರು, ಮಗಳ ಎದುರು ಇನ್ನೇನು ಹೇಳಿಯಾರು?

ಹಾಗಾಗಿ ಹಳೆಯವರ ಕಾಗದ ಓದುವಾಗ ನಾನು ಎರಡು ವಿಷಯ ನೋಡುತ್ತೇನೆ. ಕುಶಲ ಮುಗಿದ ಮೇಲೆ ಏನು ಬರೆದರು? ಪೆನ್ನು ಯಾರ ಕೈಯಲ್ಲಿತ್ತು?

ಸಾವಿತ್ರಿಬಾಯಿ ಫುಲೆ ಪತಿ ಜ್ಯೋತಿಬಾಗೆ ಬರೆದ ಮೂರು ಕಾಗದಗಳು ಉಳಿದಿವೆ. 1856ರದ್ದು ತವರು ನಾಯಗಾಂವ್‌ನಿಂದ. ಕಾಯಿಲೆಯಾಗಿ ಸುಧಾರಿಸಿಕೊಳ್ಳಲು ಹೋಗಿದ್ದರು. ಪುಣೆಯಲ್ಲಿ ಗಂಡ ಹೆಂಡತಿ ಸೇರಿ 1848ರಲ್ಲಿ ಹುಡುಗಿಯರ ಶಾಲೆ ತೆರೆದಿದ್ದರಲ್ಲ, ಆ ಕೆಲಸವೆಲ್ಲ ಈಗ ಜೊತೆಗೆ ದುಡಿಯುತ್ತಿದ್ದ ಫಾತಿಮಾ ಮೇಲೆ ಬಿತ್ತು ಅನ್ನುವ ಚಿಂತೆ ಕಾಗದದಲ್ಲಿದೆ. ಆಮೇಲೆ ಒಡಹುಟ್ಟಿದವನ ಜೊತೆ ಆದ ಜಗಳ. ನೀವಿಬ್ಬರೂ ಜಾತಿಯಿಂದ ಹೊರಗಾದವರು, ಮುಟ್ಟಬಾರದವರೆನಿಸಿದ ಮಹಾರ್ ಮಾಂಗ್ ಜನರಿಗಾಗಿ ದುಡಿಯುತ್ತೀರಿ ಅಂತ ಅವನು ಚುಚ್ಚಿದನಂತೆ. ಇವರು ಬಿಡುತ್ತಾರೆಯೇ? ಹಸು ಆಡನ್ನು ಮುದ್ದು ಮಾಡುತ್ತೀ, ನಾಗರಪಂಚಮಿಗೆ ಹಾವಿಗೆ ಹಾಲೆರೆಯುತ್ತೀ, ಮನುಷ್ಯರನ್ನು ಮಾತ್ರ ಮುಟ್ಟುವುದಿಲ್ಲವೋ ಎಂದು ಕೇಳಿದರಂತೆ. ತವರಿನಲ್ಲಿ ಗಂಡನ ಪರ ಹೀಗೆ ಜಗಳ ಮಾಡಿ, ಅದರ ವರದಿಯನ್ನು ಗಂಡನಿಗೆ ಕಳಿಸುವುದು! ಇದಕ್ಕಿಂತ ದೊಡ್ಡ ಪ್ರೇಮಪತ್ರ ನಾನಂತೂ ಓದಿಲ್ಲ.

1868ರ ಕಾಗದದ ಜೊತೆ ಇಬ್ಬರು ಮನುಷ್ಯರೇ ಹೋದರು. ಗಣೇಶ ಅನ್ನುವ ಬ್ರಾಹ್ಮಣ ಹುಡುಗ, ಶಾರಜಾ ಅನ್ನುವ ಮಹಾರ್ ಹುಡುಗಿ. ಅವಳು ಬಸುರಿ. ಊರಿನವರು ಇಬ್ಬರನ್ನೂ ಬಡಿಯುತ್ತ, ಕೊಲ್ಲಲು ಎಳೆದೊಯ್ಯುತ್ತಿದ್ದರು. ಸಾವಿತ್ರಿಬಾಯಿ ಓಡಿ ಹೋಗಿ, ಸರ್ಕಾರದ ಕಾನೂನು ಸುಮ್ಮನೆ ಬಿಡುವುದಿಲ್ಲ ಎಂದು ಹೆದರಿಸಿ ಬಿಡಿಸಿದರು. ನಡೆದದ್ದನ್ನು ಬರೆದು, ಜೋಡಿಯನ್ನು ನೇರ ಪುಣೆಗೆ, ಗಂಡನ ಹತ್ತಿರ ಕಳಿಸಿದರು. ಅವರು ನೋಡಿಕೊಳ್ಳುತ್ತಾರೆ ಅನ್ನುವುದು ಗೊತ್ತಿತ್ತಲ್ಲ. 1877ರದ್ದು ಜುನ್ನರ್ ಕಡೆಯ ಓತೂರಿನಿಂದ. ನಮ್ಮ ಹಿರಿಯರು ಆ ಎರಡು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಅದೇ ಬರ. ನೀರಿಲ್ಲ, ದನಗಳು ಸಾಯುತ್ತಿವೆ, ಜನ ಊರು ಬಿಡುತ್ತಿದ್ದಾರೆ ಅಂತ ಬರೆಯುತ್ತಾರೆ. ಒಬ್ಬ ಕಾರ್ಯಕರ್ತೆ ಇನ್ನೊಬ್ಬ ಕಾರ್ಯಕರ್ತನಿಗೆ ಬರೆದ ಹಾಗೆ.

ಇನ್ನೊಂದು ಜೋಡಿ ಇಷ್ಟು ಸಲೀಸಲ್ಲ. ನಮ್ಮ ಸೆಂಟ್ರಲ್ ಲೈನಿನ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ. ಒಂಬತ್ತನೇ ವಯಸ್ಸಿಗೆ ಮದುವೆ. ಗಂಡ ಗೋಪಾಳರಾವ್ ಜೋಶಿ ವಿಧುರ, ಇಪ್ಪತ್ತು ವರ್ಷದಷ್ಟು ದೊಡ್ಡವರು. ಕೆಲಸ ಎಲ್ಲಿ ಗೊತ್ತೇ? ಅಂಚೆ ಇಲಾಖೆಯಲ್ಲಿ! ಹೆಂಡತಿ ಓದಲೇಬೇಕು ಅನ್ನುವುದು ಅವರ ಹಟ. ಹದಿನಾಲ್ಕಕ್ಕೆ ಆನಂದಿಗೆ ಗಂಡು ಮಗು ಹುಟ್ಟಿ ಹತ್ತೇ ದಿನಕ್ಕೆ ಹೋಯಿತು. ಡಾಕ್ಟರ್ ಆಗಬೇಕು ಅನ್ನುವುದು ಅಲ್ಲಿಂದ ಅವರದೇ ಹಟವಾಯಿತು. ಸಹಾಯ ಕೇಳಿ ಗೋಪಾಳರಾವ್ ಬರೆದಿದ್ದ ಪತ್ರ ಅಮೆರಿಕದ ಒಂದು ಮಿಷನರಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನ್ಯೂ ಜೆರ್ಸಿಯ ಕಾರ್ಪೆಂಟರ್ ಎಂಬ ಗೃಹಿಣಿ ಅದನ್ನು ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತ ಕೂತಾಗ ಓದಿದರು. ಸುಮ್ನೆ ಪುಟ ತಿರುವಿದ್ದು. ಅದರಿಂದ ಎಲ್ಲಿಗೆ ಹೋಯಿತು ನೋಡಿ.

1883ರ ಏಪ್ರಿಲ್‌ನಲ್ಲಿ ಆನಂದಿ ಕಲ್ಕತ್ತದಿಂದ ಹಡಗು ಹತ್ತಿದರು. ಗಂಡ ಜೊತೆಗಿಲ್ಲ. ಹದಿನೆಂಟು ವರ್ಷ. ಫಿಲಡೆಲ್ಫಿಯಾದ ಮಹಿಳಾ ಮೆಡಿಕಲ್ ಕಾಲೇಜಿಗೆ ಸೇರಿದರು. ಆಗ ಒಂದು ಕಾಗದ ಹೋಗಲು ತಿಂಗಳು ಹಿಡಿಯುತ್ತಿತ್ತು. ಇವತ್ತು ಕೇಳಿದ ಪ್ರಶ್ನೆಗೆ ಉತ್ತರ ಎರಡು ತಿಂಗಳ ಮೇಲೆ. ಜಗಳವಾಡಿದರೂ ಅಷ್ಟೇ. ಕಳಿಸಿದವರೇ ಗೋಪಾಳರಾವ್, ಅಲ್ಲಿ ಹೋದ ಮೇಲೆ ಹೇಗಿದ್ದಾಳೋ ಅಂತ ಅನುಮಾನ ಪಟ್ಟವರೂ ಅವರೇ. ಆನಂದಿ ಒಂದು ಕಾಗದದಲ್ಲಿ ಹಳೆಯದನ್ನೆಲ್ಲ ತೆಗೆದಿದ್ದಾರೆ. ಚಿಕ್ಕವಳಿದ್ದಾಗ ಕಟ್ಟಿಗೆಯಿಂದ ಹೊಡೆದದ್ದು, ಕುರ್ಚಿ, ಪುಸ್ತಕ ಎಸೆದದ್ದು, ಬಿಟ್ಟು ಹೋಗುತ್ತೇನೆಂದು ಹೆದರಿಸಿದ್ದು. ಕೊನೆಗೆ ನಾನು ಇಲ್ಲಿಗೆ ಮುಟ್ಟಿದ್ದನ್ನು ನೋಡಿದರೆ ಅದು ಸರಿ ಇರಬಹುದು, ಆದರೆ ಒಂದು ಮಗುವಿನ ಮನಸ್ಸಿಗೆ ಏನಾಗಬಹುದು ಅಂತ ನೋಡಿದರೆ ತಪ್ಪೇ ಅನ್ನುವ ಅರ್ಥದ ಮಾತು ಬರೆದಿದ್ದಾರೆ.

ಕಲ್ಯಾಣದ ಮನೆಯಲ್ಲಿ, ಎದುರಿಗೆ ನಿಂತು, ಈ ಮಾತು ಬಾಯಿಂದ ಬರುತ್ತಿತ್ತೇ? ನನಗಂತೂ ನಂಬಿಕೆಯಿಲ್ಲ. ನಡುವೆ ಸಮುದ್ರ ಬೇಕಿತ್ತು. ಹೊಡೆದು ಕಲಿಸಿದ ಅಕ್ಷರವೇ ಹೊಡೆದವನಿಗೆ ಉತ್ತರ ಕೊಟ್ಟಿತು. ಆದರೂ ಸಂಬಂಧ ಕಡಿಯಲಿಲ್ಲ, ಕಾಗದ ನಿಲ್ಲಲಿಲ್ಲ. ಆಮೇಲೆ ಗೋಪಾಳರಾವ್ ಕೂಡ ಅಮೆರಿಕಕ್ಕೆ ಹೋದರು. 1886ರ ಮಾರ್ಚ್ 11ರಂದು ಡಿಗ್ರಿ. ಅದೇ ವರ್ಷ ಇಬ್ಬರೂ ಮುಂಬಯಿಗೆ ಬಂದಿಳಿದರು. ಅಷ್ಟರಲ್ಲಿ ಕ್ಷಯ ಹತ್ತಿತ್ತು. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಮಾಡಲಾಗಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಹೋದರು. ಇಪ್ಪತ್ತೆರಡು ತುಂಬಿರಲಿಲ್ಲ. ಚಿತಾಭಸ್ಮವನ್ನು ಗಂಡ ಆ ಕಾರ್ಪೆಂಟರ್ ಅಮ್ಮನಿಗೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಪೋಕಿಪ್ಸಿಯಲ್ಲಿ, ಅವರ ಮನೆತನದ ಸ್ಮಶಾನದಲ್ಲಿ ಅದು ಇದೆ.

ಈ ಗೋಪಾಳರಾವ್ ಆಮೇಲೆಯೂ ಸುಮ್ಮನೆ ಕೂರಲಿಲ್ಲ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿಗೆ ದೊಡ್ಡ ದೊಡ್ಡವರನ್ನೆಲ್ಲ ಕರೆಸಿ, ಚಹಾ ಕೊಡಿಸಿ, ಯಾರು ಯಾರು ಬಂದಿದ್ದರು ಅಂತ ಪೇಪರಿನಲ್ಲಿ ಹಾಕಿಸಿದರು. ಕ್ರೈಸ್ತರ ಚಹಾ ಕುಡಿದರೆ ಜಾತಿ ಕೆಟ್ಟಿತು ಅನ್ನುವ ಕಾಲ, ಊರೆಲ್ಲ ರಾದ್ಧಾಂತ. ಅದರಲ್ಲಿ ಸಿಕ್ಕಿಬಿದ್ದವರಲ್ಲಿ ತಿಲಕರೂ ಒಬ್ಬರು.

ತಿಲಕರ ವಿಷಯ ಎರಡೇ ಮಾತು. 1908ರ ಜುಲೈಯಲ್ಲಿ ನಮ್ಮ ಈ ಹೈಕೋರ್ಟಿನಲ್ಲೇ ಆರು ವರ್ಷದ ಶಿಕ್ಷೆಯಾಗಿ ಬರ್ಮಾದ ಮಂಡಾಲೆಗೆ ಹೋದರು. ಅಲ್ಲಿ ಪೆನ್ಸಿಲಿನಲ್ಲಿ ‘ಗೀತಾರಹಸ್ಯ’ ಬರೆದರು. ನಮ್ಮ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದದ್ದು ನಿಮಗೆಲ್ಲ ಗೊತ್ತು. ಪತ್ನಿ ಸತ್ಯಭಾಮಾಬಾಯಿ ಎಷ್ಟು ಜನಕ್ಕೆ ಗೊತ್ತು? 1912ರಲ್ಲಿ ಅವರು ಪುಣೆಯಲ್ಲಿ ತೀರಿಕೊಂಡರು. ಸುದ್ದಿ ಮಂಡಾಲೆಗೆ ತಂತಿಯಲ್ಲಿ ಹೋಯಿತು. 1914ರ ಜೂನ್‌ನಲ್ಲಿ ಸರ್ಕಾರ ತಿಲಕರನ್ನು ರಾತ್ರೋರಾತ್ರಿ ತಂದು ಮನೆ ಬಾಗಿಲಲ್ಲಿ ಬಿಟ್ಟಿತು. ನಾಲ್ಕು ವರ್ಷ ಕಾದವರು ಒಳಗಿರಲಿಲ್ಲ.

ಇಲ್ಲಿಂದ ಪರೇಲ್ ಎಷ್ಟು ದೂರ? ಅಲ್ಲಿನ ಬಿಐಟಿ ಚಾಳಿನಲ್ಲಿ, ಅಂದರೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ಸಾಲುಕೋಣೆಗಳ ವಠಾರದಲ್ಲಿ, ರಮಾಬಾಯಿ ಅಂಬೇಡ್ಕರ್ ಇದ್ದರು. 1913ರಲ್ಲಿ ಗಂಡ ಓದಲು ನ್ಯೂಯಾರ್ಕಿಗೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ತಿರುಗಿ ಬರುವಾಗ ಮಹಾಯುದ್ಧ. ಸಾಮಾನು ತುಂಬಿದ್ದ ಹಡಗನ್ನು ಜರ್ಮನ್ನರು ಮುಳುಗಿಸಿದರು. ಪುಣ್ಯಕ್ಕೆ ಅಂಬೇಡ್ಕರ್ ಬೇರೆ ಹಡಗಿನಲ್ಲಿದ್ದರು. 1920ರಲ್ಲಿ ಮತ್ತೆ ಲಂಡನ್. ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಧಾರವಾಡದ ಕಡೆಯವರು ಒಂದು ಕಥೆ ಹೇಳುತ್ತಾರೆ. ರಮಾಬಾಯಿ ಅಲ್ಲಿ ಕೆಲವು ದಿನ ಇದ್ದಾಗ ಹಾಸ್ಟೆಲಿನ ಹುಡುಗರಿಗೆ ಊಟಕ್ಕಿಲ್ಲ ಎಂದು ಗೊತ್ತಾಗಿ ಕೈಬಳೆ ಬಿಚ್ಚಿ ಕೊಟ್ಟರಂತೆ. 1935ರಲ್ಲಿ ದಾದರಿನ ‘ರಾಜಗೃಹ’ದಲ್ಲಿ ಅವರು ತೀರಿಕೊಂಡರು. ಐದು ವರ್ಷದ ಮೇಲೆ ಅಂಬೇಡ್ಕರ್ ‘ಥಾಟ್ಸ್ ಆನ್ ಪಾಕಿಸ್ತಾನ್’ ಪುಸ್ತಕವನ್ನು ರಾಮು ಎಂದು ಹೆಸರು ಹಿಡಿದು ಅರ್ಪಿಸಿದರು. ಯಾರೂ ಜೊತೆಗಿಲ್ಲದ, ದುಡ್ಡಿಲ್ಲದ ದಿನಗಳಲ್ಲಿ ನನ್ನ ಜೊತೆ ಕಷ್ಟಪಟ್ಟವಳು ಎಂದು ಬರೆದರು. ಪುಸ್ತಕ ಪೂರ್ತಿ ರಾಜಕೀಯ. ಆ ಒಂದು ಪುಟ ಮಾತ್ರ ಚಾಳಿನ ಕೋಣೆಗೆ ಬರೆದ ಕಾಗದ. ತುಂಬಾ ತಡವಾಗಿ ಬಂದ ಕಾಗದ.

ಎಲ್ಲ ಕಡೆ ಗಂಡಸರೇ ದೂರ ಹೋಗುತ್ತಾರೆ ಅಂತ ಅಂದುಕೊಳ್ಳಬೇಡಿ. 1955ರಲ್ಲಿ ಪೋರ್ಚುಗೀಸರ ಗೋವಾದಲ್ಲಿ, ಮಾಪುಸಾದ ಸತ್ಯಾಗ್ರಹ ಸಭೆಯ ಅಧ್ಯಕ್ಷೆಯಾಗಿದ್ದ ಸುಧಾಬಾಯಿ ಜೋಶಿ ಜೈಲು ಸೇರಿದರು. ಹೊರಗೆ ಕಾದವರು ಮರಾಠಿ ಲೇಖಕರಾದ ಪತಿ ಮಹಾದೇವಶಾಸ್ತ್ರಿ ಜೋಶಿ.

ಇನ್ನು ಕಸ್ತೂರಬಾ. ಗಂಡ 1888ರಿಂದ ಮೂರು ವರ್ಷ ಇಂಗ್ಲೆಂಡ್, 1893ರಿಂದ ಮೂರು ವರ್ಷ ದಕ್ಷಿಣ ಆಫ್ರಿಕಾ, ಆಮೇಲೆ ಎಷ್ಟೋ ಜೈಲು. 1908ರಲ್ಲಿ ಗಾಂಧೀಜಿ ಅಲ್ಲಿನ ಜೈಲಿನಿಂದ ಬರೆದ ಕಾಗದ ಓದಿದರೆ ನನಗೆ ಸಿಟ್ಟೂ ಬರುತ್ತದೆ, ಗಂಟಲೂ ಕಟ್ಟುತ್ತದೆ. ಬಾ ಕಾಯಿಲೆಯಿಂದ ಸಾಯುವ ಹಾಗಿದ್ದರು. ದಂಡ ಕಟ್ಟಿದರೆ ಇವರು ಮನೆಗೆ ಬರಬಹುದಿತ್ತು. ಕಟ್ಟಲಿಲ್ಲ. ನೀನು ಹೋದರೂ ನನ್ನ ಪಾಲಿಗೆ ಬದುಕಿಯೇ ಇರುತ್ತೀ, ನಾನು ಇನ್ನೊಂದು ಮದುವೆಯಾಗುವುದಿಲ್ಲ ಎಂದು ಬರೆದರು. ಹಾಸಿಗೆ ಹಿಡಿದವಳಿಗೆ ಇದೇ ಏನು ಸಮಾಧಾನ, ಹೇಳಿ?

ಬಾ ಬದುಕಿದರು. 1942ರಲ್ಲಿ ಸರ್ಕಾರವೇ ಇಬ್ಬರನ್ನೂ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಒಟ್ಟಿಗೆ ಕೂಡಿಹಾಕಿತು. ಎಲ್ಲಿಗೂ ಓಡುವ ಹಾಗಿಲ್ಲ. ಮುದುಕ ಮುದುಕಿ ಎದುರುಬದುರು ಕೂತು ಗುಜರಾತಿ, ಭೂಗೋಳ ಪಾಠ ಶುರು ಮಾಡಿದರು. ಎಪ್ಪತ್ತು ದಾಟಿದ ವಿದ್ಯಾರ್ಥಿನಿಗೆ ಊರುಗಳ ಹೆಸರು ತಲೆಗೆ ಹತ್ತುತ್ತಿರಲಿಲ್ಲ. 1944ರ ಫೆಬ್ರವರಿ 22, ಶಿವರಾತ್ರಿಯ ದಿನ, ಅಲ್ಲೇ ಗಂಡನ ತೊಡೆಯ ಮೇಲೆ ಪ್ರಾಣ ಬಿಟ್ಟರು. ಪುಣೆಗೆ ಹೋದಾಗ ಆ ಸಮಾಧಿ ನೋಡಿ ಬನ್ನಿ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಹೊರಗೆ ಕಾಫಿ ಆರುತ್ತಿದೆ. ಒಂದೇ ನಿಮಿಷ.

ನಮ್ಮ ಅಪ್ಪಯ್ಯ ಹೋಟೆಲ್ ಬಿಟ್ಟು ಊರಿಗೆ ಹೋದ ವರ್ಷ, ಮಳೆಗಾಲದಲ್ಲಿ, ನಾನು ನೋಡಲು ಹೋಗಿದ್ದೆ. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು, ಅಮ್ಮ ಅಡುಗೆಮನೆಯಲ್ಲಿ. ನಡುವೆ ಇಪ್ಪತ್ತು ಹೆಜ್ಜೆ. ಒಳಗೆ ಟಪ್ ಟಪ್ ಅಂತ ಹನಿ ಬೀಳುತ್ತಿತ್ತು. ಅಮ್ಮ ನನ್ನ ಕಡೆ ತಿರುಗಿ, “ಅಪ್ಪಯ್ಯಂಗೆ ಹೇಳು, ಮಳಿ ಜೋರು” ಅಂದರು.

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಉತ್ತರ ಬಂತು: “ನಾಳೆ ಹಂಚು ಸಮ ಮಾಡ್ಸ್ತೆ ಅಂದೇಳಿ ಹೇಳು.”