ನರದ ಜೊತೆ ನಡೆಯುವ ಕೋಶಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಸೋದರಮಾವ ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ವರ್ಷಗಟ್ಟಲೆ ದುಡಿದವರು. ಒಂದು ಬೆಳಗ್ಗೆ ಕೆಲಸದ ಹುಡುಗರು ಬಂದಿರಲಿಲ್ಲ. ಮಾವ ತಾವೇ ಗ್ಲಾಸು ತೊಳೆಯಲು ನಿಂತರು. ಗ್ಲಾಸು ಕೈಯಲ್ಲೇ ಒಡೆಯಿತು, ಬಲ ಮಣಿಕಟ್ಟು ಆಳವಾಗಿ ಸೀಳಿತು. ಮೇಲಿನ ಗಾಯ ಬೇಗ ಮಾಯಿತು. ಆದರೆ ಒಳಗೆ ನರ ತುಂಡಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶವೇ ಇಲ್ಲ. ಕಾಫಿ ಲೋಟ ಸುಟ್ಟು ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಡಾಕ್ಟರು ನರ ಹೊಲಿದರು. "ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ತಾಳ್ಮೆ ಇರಲಿ" ಅಂದರು. ಮಾವ ಅದನ್ನು ಹೋಟೆಲಿನ ಲೆಕ್ಕದಷ್ಟೇ ಶ್ರದ್ಧೆಯಿಂದ ಹಿಡಿದರು. ಪ್ರತಿ ಭಾನುವಾರ ಮಣಿಕಟ್ಟಿನಿಂದ ಅಂಗೈವರೆಗೆ ಬೆರಳಿನಿಂದ ತಟ್ಟುತ್ತಾ ಹೋಗುವುದು. ಎಲ್ಲಿ ತಟ್ಟಿದರೆ ಬೆರಳ ಕಡೆಗೆ ಜುಂ ಅನ್ನುತ್ತದೋ ಅಲ್ಲಿವರೆಗೆ ಸ್ಕೇಲಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದು. ತಿಂಗಳಿಗೆ ಸುಮಾರು ಒಂದು ಇಂಚು. ಆ ಅಂಕಿಗಳನ್ನು ನೋಡುವಾಗಲೆಲ್ಲ ನನಗೆ ಒಂದೇ ಯೋಚನೆ. ಮಾಂಸ, ಮೂಳೆ, ರಕ್ತನಾಳಗಳ ನಡುವೆ ಆ ನರಕ್ಕೆ ದಾರಿ ತೋರಿಸುವವರು ಯಾರು?

ತೋರಿಸುವವರು ಇದ್ದಾರೆ. ಅವೇ ಗ್ಲಿಯಾ ಕೋಶಗಳು. ಗ್ಲಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಇವು ಸುಮ್ನೆ ನರಗಳನ್ನು ಹಿಡಿದಿಡುವ ಗೋಂದು ಅಂತಲೇ ತುಂಬಾ ಕಾಲ ಜನ ತಿಳಿದಿದ್ದರು. ಕೈಕಾಲಿನ ನರಗಳಲ್ಲಿರುವ ಗ್ಲಿಯಾಗಳಲ್ಲಿ ಮುಖ್ಯವಾದವು ಶ್ವಾನ್ ಕೋಶಗಳು. 1839ರಲ್ಲಿ ಇವನ್ನು ವಿವರಿಸಿದ ಜರ್ಮನಿಯ ಥಿಯೋಡೋರ್ ಶ್ವಾನ್ ಅವರ ಹೆಸರೇ ಇವಕ್ಕೆ ಬಂತು.

ಗರ್ಭದಲ್ಲಿ ಮಗು ಬೆಳೆಯುವಾಗ ಬೆನ್ನುಹುರಿಯಲ್ಲಿರುವ ನರಕೋಶಗಳಿಂದ ನರದ ಎಳೆಗಳು ಕೈಕಾಲಿನ ಕಡೆಗೆ ಹೊರಡುತ್ತವೆ. ಹೊರಡುವ ಬಾಗಿಲಲ್ಲೇ ಒಂದು ಗುಂಪು ಕೋಶಗಳು ಕಾವಲು ನಿಂತಿರುತ್ತವೆ. ಎಳೆಗಳನ್ನು ಹೊರಗೆ ಬಿಡುತ್ತವೆ, ನರಕೋಶದ ಒಡಲನ್ನು ಮಾತ್ರ ಬಿಡುವುದಿಲ್ಲ. ಕೋಳಿಮರಿಯ ಭ್ರೂಣದಲ್ಲಿ ಈ ಕಾವಲನ್ನು ತೆಗೆದು ನೋಡಿದಾಗ ನರಕೋಶಗಳೇ ಬೆನ್ನುಹುರಿಯಿಂದ ಜಾರಿ ಹೊರಗೆ ಬಂದವು.

ಆಮೇಲಿನ ದಾರಿಯಲ್ಲಿ ಮುಂದೆ ಯಾರು, ಹಿಂದೆ ಯಾರು? ಗ್ಲಿಯಾ ಮುಂದೆ ಹೋಗಿ ದಾರಿ ಮಾಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಝೀಬ್ರಾ ಮೀನಿನ ಮರಿ ಗಾಜಿನಂತೆ ಪಾರದರ್ಶಕ. ಒಳಗೆ ನಡೆಯುವುದನ್ನು ಹಾಗೇ ನೋಡಬಹುದು. ಅದರ ಮೈಪಕ್ಕದ ಒಂದು ನರದಲ್ಲಿ ಕಂಡದ್ದು ಬೇರೆಯೇ. ಎಳೆ ಮುಂದೆ, ಗ್ಲಿಯಾ ಅದರ ಬೆನ್ನಿಗೆ. ಎಳೆ ದಾರಿ ತಪ್ಪಿದರೆ ಗ್ಲಿಯಾವೂ ಅದರ ಜೊತೆಗೇ ಹೋಯಿತು. ಆದರೆ ಗ್ಲಿಯಾ ಇಲ್ಲದಿದ್ದಾಗ ಎಳೆಗಳ ಕಟ್ಟು ಬಿಚ್ಚಿ ಚೆಲ್ಲಾಪಿಲ್ಲಿಯಾಯಿತು. ಇಲಿಗಳಲ್ಲಿ ಇನ್ನೂ ಕಠಿಣವಾದ ಸಂಗತಿ ಕಂಡಿತು. ಶ್ವಾನ್ ಕೋಶಗಳೇ ಬೆಳೆಯದಂತೆ ಜೀನ್ ಬದಲಿಸಿದ ಇಲಿಗಳ ಬಗ್ಗೆ 1997ರಲ್ಲಿ ವರದಿ ಬಂತು. ಅವುಗಳಲ್ಲಿ ನರದ ಎಳೆಗಳು ಮೊದಮೊದಲು ಕಾಲಿನವರೆಗೂ ಹೋದವು. ಆಮೇಲೆ ಆ ನರಕೋಶಗಳಲ್ಲಿ ಬಹುಪಾಲು ಸತ್ತೇ ಹೋದವು. ನನಗೆ ಇದು ದಾರಿ ತೋರಿಸುವುದಕ್ಕಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಜೊತೆಗಿದ್ದು ಜೀವ ಉಳಿಸುವ ಕೆಲಸ.

ಇನ್ನು ಮೈಲಿನ್, ಅಂದರೆ ನರದ ಎಳೆಯ ಸುತ್ತ ಕಟ್ಟುವ ಹೊದಿಕೆ. ಎಳೆಗಳ ಕಟ್ಟಿನೊಳಗೆ ಶ್ವಾನ್ ಕೋಶ ತನ್ನ ಚಾಚುಗಳನ್ನು ತೂರಿಸಿ, ಅಕ್ಕಿ ಆರಿಸಿದ ಹಾಗೆ ದಪ್ಪ ಎಳೆಗಳನ್ನು ಆರಿಸುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ದಪ್ಪ ಇದ್ದರೆ ಸಾಮಾನ್ಯವಾಗಿ ಆ ಎಳೆಗೆ ಮೈಲಿನ್ ಸಿಗುತ್ತದೆ. ಎಳೆಯ ಒಂದೊಂದು ತುಣುಕಿಗೆ ಒಂದೊಂದು ಕೋಶ. ಅದು ಎಳೆಯನ್ನು ಸುತ್ತಿ, ಮತ್ತೆ ಸುತ್ತಿ, ಹತ್ತಾರು ಪದರ ಕಟ್ಟುತ್ತದೆ. ಹೀಗೆ ಸುತ್ತುವುದನ್ನು 1954ರಲ್ಲಿ ಬೆಟ್ಟಿ ಗೆರೆನ್ ಕೋಳಿ ಭ್ರೂಣದಲ್ಲಿ ತೋರಿಸಿದರು. ಆ ಚಿತ್ರ ನೋಡಿದರೆ ನಮ್ಮೂರಿನವರಿಗೆ ಪತ್ರೊಡೆ ನೆನಪಾಗದೆ ಇರದು. ಸುರುಳಿ ಸುತ್ತಿ ಬೇಯಿಸಿ ಅಡ್ಡ ಕೊಯ್ದರೆ ಕಾಣುವ ಅದೇ ಸುತ್ತು.

ಎಷ್ಟು ಸುತ್ತಬೇಕು ಅಂತ ಹೇಳುವುದು ಎಳೆಯೇ. ಅದರ ಮೈಮೇಲೆ ನ್ಯೂರೆಗ್ಯುಲಿನ್ ಎಂಬ ಪ್ರೋಟೀನು ಜಾಸ್ತಿ ಇದ್ದರೆ ಪದರವೂ ಜಾಸ್ತಿ.

ಸುತ್ತಿದ್ದರಿಂದ ಏನು ಲಾಭ? ಕಾಲು ಎಡವಿದ ಕ್ಷಣ ನೆನಪಿಸಿಕೊಳ್ಳಿ. ಮೊದಲು ಚುರುಕ್ ಅನ್ನುತ್ತದೆ. ಉರಿಯುವ ನೋವು ಒಂದು ಗಳಿಗೆ ಬಿಟ್ಟು ಬರುತ್ತದೆ, ಅಲ್ವಾ? ಮೊದಲನೆಯದು ಮೈಲಿನ್ ಇರುವ ಎಳೆಯಲ್ಲಿ ಬಂದದ್ದು, ಎರಡನೆಯದು ಇಲ್ಲದ ಎಳೆಯಲ್ಲಿ. ಮೈಲಿನ್ ಇಲ್ಲದ ಎಳೆಯಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತದೆ. ಅತಿ ದಪ್ಪ ಮೈಲಿನ್ ಎಳೆಗಳಲ್ಲಿ 100 ಮೀಟರ್ ದಾಟುತ್ತದೆ.

ಇಷ್ಟು ಬೇಕಾದ ಶ್ವಾನ್ ಕೋಶದೊಳಗೇ ಕುಷ್ಠರೋಗದ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ನಮ್ಮ ವಡಾಲಾದ ಆಕ್ವರ್ತ್ ಆಸ್ಪತ್ರೆ 1890ರಿಂದ ಈ ರೋಗಿಗಳಿಗಾಗಿಯೇ ಇದೆ. ಮೊಣಕೈ ಹಿಂದಿನ ನರ ದಪ್ಪಗಾಗಿದೆಯಾ ಅಂತ ಡಾಕ್ಟರು ಮುಟ್ಟಿ ನೋಡುವುದು ಇದಕ್ಕೇ. ಔಷಧಿ ಉಚಿತ, ರೋಗ ಗುಣವಾಗುತ್ತದೆ. ಆದರೆ ಕೆಟ್ಟುಹೋದ ನರ ಪೂರ್ತಿ ಮರಳುವುದು ಕಷ್ಟ. ದಯವಿಟ್ಟು, ಚರ್ಮದಲ್ಲಿ ಸ್ಪರ್ಶ ಗೊತ್ತಾಗದ ಮಚ್ಚೆ ಕಂಡರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ.

ಮಾವನ ಕೈಗೆ ಮರಳುತ್ತೇನೆ. ನರ ಕತ್ತರಿಸಿದಾಗ ಗಾಯದಿಂದ ಮುಂದಿನ ಎಳೆಯೆಲ್ಲ ಸಾಯುತ್ತದೆ. 1850ರಲ್ಲೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರದಲ್ಲಿ ಇದನ್ನು ಕಂಡಿದ್ದರು. ಆದರೆ ಶ್ವಾನ್ ಕೋಶಗಳು ಉಳಿಯುತ್ತವೆ. ತಾವು ಸುತ್ತಿದ್ದ ಮೈಲಿನ್ ಅನ್ನು ತಾವೇ ಕಳಚುತ್ತವೆ, ಕಸ ತೆಗೆಯುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹಳೆಯ ದಾರಿಯಲ್ಲೇ ಸಾಲಾಗಿ ನಿಂತು ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಬಿಡುತ್ತವೆ. ಗರ್ಭದಲ್ಲಿ ಎಳೆಯ ಹಿಂದೆ ನಡೆದವರು ಈ ಸಲ ಮುಂಚೆಯೇ ಹೋಗಿ ಕಾಯುತ್ತಾರೆ. ಹೊಸ ಎಳೆ ಆ ಸಾಲನ್ನು ಹಿಡಿದು ಬರುತ್ತದೆ, ದಿನಕ್ಕೆ ಒಂದು ಮಿಲಿಮೀಟರ್.

ಎಂಟನೇ ತಿಂಗಳಲ್ಲಿ ತೋರುಬೆರಳಿನ ತುದಿ ಜುಂ ಅಂದಿತು. ಮಾವ ಹೋಟೆಲಿನಿಂದಲೇ ಫೋನ್ ಮಾಡಿ ಹೇಳಿದರು. ಹೊಸದಾಗಿ ಕಟ್ಟಿದ ಮೈಲಿನ್ ಮೊದಲಿಗಿಂತ ತೆಳು, ತುಣುಕುಗಳೂ ಗಿಡ್ಡ. ಕೆಲವು ಎಳೆಗಳು ಪಕ್ಕದ ಸಾಲನ್ನು ಹಿಡಿದು ಬೇರೆ ಬೆರಳಿಗೆ ಹೋಗಿಬಿಡುತ್ತವೆ. ನಡುಬೆರಳು ಮುಟ್ಟಿದರೆ ತೋರುಬೆರಳು ಮುಟ್ಟಿದ ಹಾಗಾಗುತ್ತದೆ ಅಂತ ಮಾವ ಈಗಲೂ ಹೇಳುತ್ತಾರೆ. ಕಾಫಿ ಲೋಟ ಬಿಸಿಯಿದೆಯಾ ಅಂತ ಮಾತ್ರ ಆ ಬಲಗೈಯಿಂದಲೇ ಮುಟ್ಟಿ ನೋಡುತ್ತಾರೆ.